ವಿಶ್ವ ಆರೋಗ್ಯ ಸಂಸ್ಥೆಯ ಮುಖ್ಯಸ್ಥರನ್ನು ಆರಿಸುವುದು ಯಾರು, ಹೇಗೆ?

ಚಿಕ್ಕಬಳ್ಳಾಪುರದಲ್ಲಿ ನಾನು ನಡೆಸುವ ಭಾನುವಾರದ ಸಾಮಾನ್ಯ ಜ್ಞಾನ ತರಗತಿಯಲ್ಲಿ ಒಂದು ಪ್ರಶ್ನೆ ತಪ್ಪದೆ ಬರುತ್ತದೆ. "ಡಬ್ಲ್ಯೂಎಚ್‌ಓ ಮುಖ್ಯಸ್ಥರನ್ನು ಆರಿಸೋದು ಯಾರು? ವಿಶ್ವಸಂಸ್ಥೆಯಾ, ದುಡ್ಡು ಕೊಡೋ ದೇಶಗಳಾ?" ಕೆಎಎಸ್‌ಗೆ ಓದುವವರು ಕೇಳುತ್ತಾರೆ, ನರ್ಸಿಂಗ್ ವಿದ್ಯಾರ್ಥಿಗಳು ಕೇಳುತ್ತಾರೆ, ಕೊರೋನಾ ಕಾಲದಲ್ಲಿ ಮನೆಮನೆ ತಿರುಗಿದ ಆಶಾ ಕಾರ್ಯಕರ್ತೆಯರೂ ಕೇಳಿದ್ದಾರೆ. ಒಬ್ಬೊಬ್ಬರಿಗೇ ಹೇಳುವ ಬದಲು ಎಲ್ಲರಿಗೂ ಸಿಗಲಿ ಎಂದು ಹಂತ ಹಂತವಾಗಿ ಬರೆದಿದ್ದೇನೆ. ಈಗಿನ ಮುಖ್ಯಸ್ಥರ ಅವಧಿ 2027ರ ಆಗಸ್ಟ್‌ಗೆ ಮುಗಿಯುವುದರಿಂದ, ಸುದ್ದಿ ಬಂದಾಗ ಜೊತೆಗಿಟ್ಟುಕೊಂಡು ಓದಲು ಇದು ಉಪಯೋಗಕ್ಕೆ ಬರುತ್ತದೆ.

ಸಂಸ್ಥೆಯ ಕೇಂದ್ರ ಕಚೇರಿ ಇರುವ ಜಿನೀವಾದಲ್ಲಿ ಯಾರು ಕೂತರೆ ನಮಗೇನು ಎಂದು ಕೇಳುವವರೂ ಇದ್ದಾರೆ. ಬಾಗೇಪಲ್ಲಿಯಲ್ಲೋ ಪಾವಗಡದಲ್ಲೋ ಬಿಂದಿಗೆ ಹಿಡಿದು ಶುದ್ಧ ಕುಡಿಯುವ ನೀರಿನ ಘಟಕದ ಮುಂದೆ ನಿಲ್ಲುವವರಿಗೆ ಫ್ಲೋರೈಡ್ ಅಂದರೆ ಏನೆಂದು ಗೊತ್ತು. ಹಲ್ಲಿನ ಮೇಲಿನ ಕಂದು ಕಲೆ, ಬಗ್ಗದ ಮೊಣಕಾಲು ಕಣ್ಣೆದುರಿಗೇ ಇವೆ. ಒಂದು ಲೀಟರ್ ನೀರಿನಲ್ಲಿ ಫ್ಲೋರೈಡ್ 1.5 ಮಿಲಿಗ್ರಾಂ ದಾಟಬಾರದು ಎಂಬ ಮಾರ್ಗಸೂಚಿ ಈ ಸಂಸ್ಥೆಯದೇ. ಆ ಅಂಕಿಯನ್ನು ಮುಖ್ಯಸ್ಥರು ಒಬ್ಬರೇ ಕೂತು ಬರೆಯುವುದಿಲ್ಲ, ಅದು ತಜ್ಞರ ಕೆಲಸ. ಆದರೆ ಒಂದು ರೋಗ ಜಗತ್ತಿಗೇ ತುರ್ತುಸ್ಥಿತಿ ಎಂದು ಘೋಷಿಸುವ ಅಧಿಕಾರ ಮುಖ್ಯಸ್ಥರದ್ದೇ. ತಜ್ಞರ ಸಮಿತಿ ಸಲಹೆ ಕೊಡುತ್ತದೆ, ತೀರ್ಮಾನ ಅವರದು. 2020ರ ಜನವರಿ 30ರಂದು ಕೋವಿಡ್ ಬಗ್ಗೆ ಆ ಘೋಷಣೆ ಹೊರಟಿತು, 2023ರ ಮೇ 5ರಂದು ಹಿಂತೆಗೆಯಲಾಯಿತು. ಈ ನಡುವಿನ ಮೂರು ವರ್ಷಗಳಲ್ಲಿ ನಾವು ಏನೇನು ಅನುಭವಿಸಿದೆವು ಎಂಬುದನ್ನು ನಾನು ಹೇಳಬೇಕಿಲ್ಲ.

ಮೊದಲು ತಿಳಿದಿರಬೇಕಾದ ಮೂರು ಹೆಸರು

ಇವು ಮೂರು ಬೇರೆ ಬೇರೆ. ಇವುಗಳನ್ನು ಕಲಸಿಕೊಂಡರೆ ಮುಂದಿನದ್ದು ಯಾವುದೂ ಅರ್ಥವಾಗುವುದಿಲ್ಲ.

ವಿಶ್ವ ಆರೋಗ್ಯ ಸಭೆ: ಎಲ್ಲ ಸದಸ್ಯ ರಾಷ್ಟ್ರಗಳ ಪ್ರತಿನಿಧಿಗಳು ಸೇರುವ ಮಹಾಸಭೆ. ಸಾಮಾನ್ಯವಾಗಿ ಪ್ರತಿ ವರ್ಷ ಮೇ ತಿಂಗಳಲ್ಲಿ ಜಿನೀವಾದಲ್ಲಿ ಸೇರುತ್ತದೆ. ಪತ್ರಿಕೆಗಳು ಇದನ್ನೇ ವಿಶ್ವ ಆರೋಗ್ಯ ಅಧಿವೇಶನ ಎಂದೂ ಬರೆಯುತ್ತವೆ.

ಕಾರ್ಯಕಾರಿ ಮಂಡಳಿ: 34 ಸದಸ್ಯರ ಚಿಕ್ಕ ಮಂಡಳಿ. ಯಾವ ದೇಶಗಳು ಈ ಮಂಡಳಿಯಲ್ಲಿರಬೇಕು ಎಂಬುದನ್ನು ಸಭೆ ಆರಿಸುತ್ತದೆ, ಆ ದೇಶಗಳು ಆರೋಗ್ಯ ಕ್ಷೇತ್ರದಲ್ಲಿ ಪರಿಣತಿ ಇರುವ ಒಬ್ಬೊಬ್ಬರನ್ನು ಕಳಿಸುತ್ತವೆ. ಅವಧಿ ಮೂರು ವರ್ಷ. ಮುಖ್ಯ ಬೈಠಕ್ ಜನವರಿಯಲ್ಲಿ.

ಮಹಾನಿರ್ದೇಶಕ: ಡೈರೆಕ್ಟರ್ ಜನರಲ್, ಅಂದರೆ ಡಿಜಿ. ನಾವು ಮುಖ್ಯಸ್ಥರು ಅನ್ನುವುದು ಇವರನ್ನೇ. ಅವಧಿ ಐದು ವರ್ಷ, ಮತ್ತೊಂದು ಅವಧಿಗೆ ಒಮ್ಮೆ ಮಾತ್ರ ಅವಕಾಶ. ಹಿಂದೆ ಈ ಮಿತಿ ಇರಲಿಲ್ಲ. ಬ್ರೆಜಿಲ್‌ನ ಮಾರ್ಕೊಲಿನೊ ಕಂದಾವ್ 1953ರಿಂದ 1973ರವರೆಗೆ ಇಪ್ಪತ್ತು ವರ್ಷ ಈ ಹುದ್ದೆಯಲ್ಲಿದ್ದರು.

ಎಚ್ಚರಿಕೆ: ಸಭೆಗೆ ಒಬ್ಬ ಅಧ್ಯಕ್ಷರು, ಮಂಡಳಿಗೆ ಇನ್ನೊಬ್ಬ ಅಧ್ಯಕ್ಷರು ಇರುತ್ತಾರೆ. ಇಬ್ಬರೂ ಸಂಸ್ಥೆಯ ಮುಖ್ಯಸ್ಥರಲ್ಲ. 1950ರಲ್ಲಿ ರಾಜಕುಮಾರಿ ಅಮೃತ್ ಕೌರ್ ಸಭೆಯ ಅಧ್ಯಕ್ಷರಾದರು, ಆ ಸ್ಥಾನಕ್ಕೇರಿದ ಮೊದಲ ಮಹಿಳೆ ಅವರು. 2020ರ ಮೇ ತಿಂಗಳಲ್ಲಿ ಆಗಿನ ಕೇಂದ್ರ ಆರೋಗ್ಯ ಸಚಿವ ಹರ್ಷವರ್ಧನ್ ಕಾರ್ಯಕಾರಿ ಮಂಡಳಿಯ ಅಧ್ಯಕ್ಷರಾದರು. ಆಗ ನಮ್ಮ ವಾಟ್ಸ್‌ಆ್ಯಪ್ ಗುಂಪುಗಳಲ್ಲಿ "ವಿಶ್ವ ಆರೋಗ್ಯ ಸಂಸ್ಥೆಗೆ ಭಾರತೀಯ ಮುಖ್ಯಸ್ಥ" ಎಂದು ಹರಿದಾಡಿತು. ಅದು ತಪ್ಪು. ಸೌಮ್ಯಾ ಸ್ವಾಮಿನಾಥನ್ ಸಂಸ್ಥೆಯ ಮೊದಲ ಮುಖ್ಯ ವಿಜ್ಞಾನಿಯಾಗಿದ್ದರು, ಆದರೆ ಅದು ನೇಮಕದ ಹುದ್ದೆ, ಚುನಾವಣೆಯದ್ದಲ್ಲ. ಇವತ್ತಿನವರೆಗೆ ಯಾವ ಭಾರತೀಯರೂ ಮಹಾನಿರ್ದೇಶಕರಾಗಿಲ್ಲ. ಪರೀಕ್ಷೆಗೆ ಓದುವವರು ಈ ಸಾಲಿಗೆ ಅಡಿಗೆರೆ ಹಾಕಿಕೊಳ್ಳಿ.

ಡೇರಿ ಚುನಾವಣೆ ನೋಡಿದ್ದರೆ ಅರ್ಧ ಗೊತ್ತಿದ್ದಂತೆ

ಕೋಲಾರ, ಚಿಕ್ಕಬಳ್ಳಾಪುರದ ಹಳ್ಳಿಗಳವರಿಗೆ ನಾನು ಕೊಡುವ ಹೋಲಿಕೆ ಹಾಲು ಒಕ್ಕೂಟದ್ದು. ಒಕ್ಕೂಟದ ಚುನಾವಣೆಯಲ್ಲಿ ಹಾಲು ಹಾಕುವ ಪ್ರತಿಯೊಬ್ಬರೂ ಮತ ಹಾಕುವುದಿಲ್ಲ. ಊರ ಸಂಘ ಒಬ್ಬ ಡೆಲಿಗೇಟನ್ನು ಕಳಿಸುತ್ತದೆ. ದಿನಕ್ಕೆ ಸಾವಿರ ಲೀಟರ್ ಕಳಿಸುವ ಸಂಘಕ್ಕೂ ಒಂದೇ ಮತ, ನೂರು ಲೀಟರ್ ಕಳಿಸುವ ಸಂಘಕ್ಕೂ ಒಂದೇ ಮತ. ವಿಶ್ವ ಆರೋಗ್ಯ ಸಭೆಯಲ್ಲೂ ಹಾಗೆಯೇ. ನೂರನಲವತ್ತು ಕೋಟಿ ಜನರ ಭಾರತಕ್ಕೆ ಒಂದು ಮತ, ನಮ್ಮ ಒಂದು ಹೋಬಳಿಯಷ್ಟೂ ಜನರಿಲ್ಲದ ಟುವಾಲು ದ್ವೀಪರಾಷ್ಟ್ರಕ್ಕೂ ಒಂದು ಮತ. ಹೆಚ್ಚು ವಂತಿಗೆ ಕೊಟ್ಟವರಿಗೆ ಹೆಚ್ಚು ಮತವಿಲ್ಲ. ವಿಶ್ವಸಂಸ್ಥೆಯ ಭದ್ರತಾ ಮಂಡಳಿಯಲ್ಲಿ ಐದು ದೇಶಗಳಿಗಿರುವ ವೀಟೋ ಕೂಡ ಇಲ್ಲಿಲ್ಲ.

ಹೋಲಿಕೆ ಮುರಿಯುವ ಜಾಗ ಒಂದಿದೆ. ಒಕ್ಕೂಟದಲ್ಲಿ ಗೆದ್ದ ನಿರ್ದೇಶಕರೇ ಕೂತು ಅಧ್ಯಕ್ಷರನ್ನು ಆರಿಸಿಬಿಡುತ್ತಾರೆ. ಇಲ್ಲಿ ಮಂಡಳಿ ಹೆಸರು ಸೂಚಿಸುತ್ತದೆ ಅಷ್ಟೆ, ನೇಮಕ ಮಾಡುವುದು ಸಭೆ. ಸಂಸ್ಥೆಯ ಸಂವಿಧಾನದ 31ನೇ ವಿಧಿ ಹೇಳುವುದು ಇದನ್ನೇ.

ಇನ್ನು ಹಂತಗಳಿಗೆ ಬರೋಣ.

1. ಹೆಸರು ಕಳಿಸಿ ಎಂಬ ಕರೆ

ಸಂಸ್ಥೆಯಿಂದ ಎಲ್ಲ ಸದಸ್ಯ ರಾಷ್ಟ್ರಗಳಿಗೆ ಪತ್ರ ಹೋಗುತ್ತದೆ. ಕಳೆದ ಪೈಪೋಟಿಯ ಚುನಾವಣೆಯಲ್ಲಿ 2016ರ ಏಪ್ರಿಲ್ 22ಕ್ಕೆ ಕರೆ ಹೊರಟು, ಸೆಪ್ಟೆಂಬರ್ 22 ಕೊನೆಯ ದಿನವಾಗಿತ್ತು. ಅಂದರೆ ಮೇ ತಿಂಗಳ ಮತದಾನಕ್ಕೆ ಒಂದು ವರ್ಷ ಮೊದಲೇ ಕೆಲಸ ಶುರು.

ಇಲ್ಲಿ ಯಾರೂ ತಾವೇ ಅರ್ಜಿ ಹಾಕಿಕೊಳ್ಳುವಂತಿಲ್ಲ. ಸದಸ್ಯ ರಾಷ್ಟ್ರದ ಸರ್ಕಾರವೇ ಹೆಸರು ಕಳಿಸಬೇಕು. ಎಷ್ಟೇ ದೊಡ್ಡ ವೈದ್ಯರಾದರೂ ಸರ್ಕಾರದ ಬೆಂಬಲವಿಲ್ಲದೆ ಬಾಗಿಲು ತೆರೆಯದು.

ಎಚ್ಚರಿಕೆ: ತಾಯ್ನಾಡೇ ಹೆಸರು ಕಳಿಸಬೇಕು ಎಂದುಕೊಳ್ಳಬೇಡಿ. 2022ರ ಮರುಆಯ್ಕೆಗೆ ಈಗಿನ ಮುಖ್ಯಸ್ಥ ಟೆಡ್ರೊಸ್ ಅಧಾನೊಮ್ ಗೆಬ್ರೆಯೆಸಸ್ ಅವರ ಹೆಸರನ್ನು 28 ದೇಶಗಳು ಸೂಚಿಸಿದವು. ಆ ಪಟ್ಟಿಯಲ್ಲಿ ಅವರ ಸ್ವಂತ ದೇಶ ಇಥಿಯೋಪಿಯಾ ಇರಲಿಲ್ಲ. ಟಿಗ್ರೆ ಪ್ರಾಂತ್ಯದ ಯುದ್ಧದ ವಿಷಯದಲ್ಲಿ ಅಲ್ಲಿನ ಸರ್ಕಾರಕ್ಕೂ ಅವರಿಗೂ ಸರಿಯಿರಲಿಲ್ಲ. ಆದರೂ ಅವರು ಗೆದ್ದರು.

2. ಅರ್ಹತೆ ನೋಡುವುದು

ಆರೋಗ್ಯ ಕ್ಷೇತ್ರದ ಗಟ್ಟಿ ತಿಳಿವಳಿಕೆ, ಜಾಗತಿಕ ಮಟ್ಟದ ಅನುಭವ, ನಾಯಕತ್ವ, ದೊಡ್ಡ ಸಂಸ್ಥೆ ನಡೆಸಿದ ಅಭ್ಯಾಸ, ಬೇರೆ ಬೇರೆ ಸಮಾಜ ಸಂಸ್ಕೃತಿಗಳ ಬಗ್ಗೆ ಸೂಕ್ಷ್ಮತೆ, ಒಳ್ಳೆಯ ದೇಹಾರೋಗ್ಯ, ಸಂಸ್ಥೆಯ ಕೆಲಸದ ಭಾಷೆಗಳಲ್ಲಿ ಒಂದಾದರೂ ಚೆನ್ನಾಗಿ ಬರುವುದು. ಎಂಬಿಬಿಎಸ್ ಇರಲೇಬೇಕು ಎಂದು ಎಲ್ಲೂ ಇಲ್ಲ. ಟೆಡ್ರೊಸ್ ವೈದ್ಯರಲ್ಲ, ಸಮುದಾಯ ಆರೋಗ್ಯದಲ್ಲಿ ಡಾಕ್ಟರೇಟ್ ಪಡೆದವರು. ವೈದ್ಯರಲ್ಲದೆ ಈ ಹುದ್ದೆಗೆ ಬಂದ ಮೊದಲಿಗರು ಅವರೇ.

3. ಪ್ರಚಾರ

ಹೌದು, ಇಲ್ಲೂ ಪ್ರಚಾರ ನಡೆಯುತ್ತದೆ. ಅಭ್ಯರ್ಥಿಗಳು ದೇಶ ದೇಶ ಸುತ್ತುತ್ತಾರೆ, ಆರೋಗ್ಯ ಸಚಿವರನ್ನು ಕಾಣುತ್ತಾರೆ. ಇದಕ್ಕೆ 2013ರಲ್ಲಿ ನಡವಳಿಕೆ ಸಂಹಿತೆ ತಂದರು. ಪ್ರಚಾರಕ್ಕೆ ಎಲ್ಲಿಂದ ಹಣ ಬಂತು, ಯಾರನ್ನು ಭೇಟಿಯಾದೆವು ಎಂಬುದನ್ನು ತೆರೆದಿಡಬೇಕು ಎನ್ನುತ್ತದೆ ಅದು. ಒಳ್ಳೆಯ ಹೆಜ್ಜೆ. ಆದರೆ ಇದು ದಂಡ ವಿಧಿಸುವ ಕಾನೂನಲ್ಲ, ದೇಶಗಳು ತಾವೇ ಒಪ್ಪಿ ನಡೆಯಬೇಕಾದ ಕಟ್ಟಳೆ. ಇದು ಇನ್ನೂ ಬಿಗಿಯಾಗಬೇಕು ಎಂಬುದು ನನ್ನ ಅಭಿಪ್ರಾಯ.

ಅಭ್ಯರ್ಥಿಗಳನ್ನು ಎಲ್ಲ ದೇಶಗಳೂ ಒಟ್ಟಿಗೆ ಕೂತು ಪ್ರಶ್ನಿಸುವ ವೇದಿಕೆಯೂ ಇದೆ. 2016ರ ನವೆಂಬರ್ ಮೊದಲ ಎರಡು ದಿನ ಜಿನೀವಾದಲ್ಲಿ ಅದು ನಡೆಯಿತು. ನರ್ಸಿಂಗ್, ಸಾರ್ವಜನಿಕ ಆರೋಗ್ಯ ಓದುವವರು ಮುಂದಿನ ಸಲ ಅದನ್ನು ತಪ್ಪಿಸಿಕೊಳ್ಳಬೇಡಿ. ಭರವಸೆಯ ಮಾತು ಒಂದು, ಎದುರಿಗೆ ಬಂದ ಪ್ರಶ್ನೆಗೆ ಕೊಡುವ ಉತ್ತರ ಇನ್ನೊಂದು. ಆ ವ್ಯತ್ಯಾಸ ಅಲ್ಲಿ ಕಾಣುತ್ತದೆ.

4. ಮಂಡಳಿಯ ಜರಡಿ

ನನ್ನ ಪ್ರಕಾರ ಇಡೀ ಚುನಾವಣೆಯ ತಿರುಳು ಇಲ್ಲಿದೆ. ಮೇ ತಿಂಗಳ ಮತದಾನದ ಫೋಟೋ ಎಲ್ಲ ಪತ್ರಿಕೆಗಳಲ್ಲೂ ಬರುತ್ತದೆ, ಜನವರಿಯ ಈ ಹಂತ ಒಳಪುಟದ ಮೂಲೆಯಲ್ಲಿ ಎರಡು ಪ್ಯಾರಾದಲ್ಲಿ ಮುಗಿಯುತ್ತದೆ. ಆದರೆ ನೂರೈವತ್ತಕ್ಕೂ ಹೆಚ್ಚು ದೇಶಗಳು ಯಾರ ನಡುವೆ ಆರಿಸಬೇಕು ಎಂಬುದನ್ನು 34 ಜನ ಇಲ್ಲಿ ತೀರ್ಮಾನಿಸುತ್ತಾರೆ.

ಮಂಡಳಿ ಮೊದಲು ಹೆಚ್ಚೆಂದರೆ ಐದು ಹೆಸರುಗಳ ಕಿರುಪಟ್ಟಿ ಮಾಡುತ್ತದೆ. ಆ ಐವರನ್ನೂ ಸಂದರ್ಶಿಸುತ್ತದೆ. ನಂತರ ಗುಪ್ತ ಮತದಾನದಿಂದ ಸಾಮಾನ್ಯವಾಗಿ ಮೂರು ಹೆಸರುಗಳನ್ನು ಸಭೆಗೆ ಕಳಿಸುತ್ತದೆ.

2017ರ ಜನವರಿಯಲ್ಲಿ ನಡೆದದ್ದನ್ನು ನೋಡಿ. ಕಣದಲ್ಲಿ ಆರು ಜನ: ಇಥಿಯೋಪಿಯಾದ ಟೆಡ್ರೊಸ್, ಬ್ರಿಟನ್ನಿನ ಡೇವಿಡ್ ನಬಾರೊ, ಪಾಕಿಸ್ತಾನದ ಸಾನಿಯಾ ನಿಶ್ತಾರ್, ಇಟಲಿಯ ಫ್ಲಾವಿಯಾ ಬುಸ್ತ್ರೆಯೊ, ಫ್ರಾನ್ಸಿನ ಫಿಲಿಪ್ ದೂಸ್ತ್ ಬ್ಲಾಜಿ, ಹಂಗೇರಿಯ ಮಿಕ್ಲೋಶ್ ಸೋಚ್ಕಾ. ಕಿರುಪಟ್ಟಿ ಮಾಡುವಾಗ ಸೋಚ್ಕಾ ಬಿದ್ದುಹೋದರು. ಸಂದರ್ಶನದ ನಂತರ ಬುಸ್ತ್ರೆಯೊ ಮತ್ತು ದೂಸ್ತ್ ಬ್ಲಾಜಿ ಹೊರಬಿದ್ದರು. ಉಳಿದ ಮೂವರು ಸಭೆಯ ಮುಂದೆ ಹೋದರು.

ಎಚ್ಚರಿಕೆ: ಹಳೆಯ ಗೈಡ್ ಪುಸ್ತಕಗಳಲ್ಲಿ "ಮಂಡಳಿ ಒಬ್ಬರ ಹೆಸರನ್ನು ಕಳಿಸುತ್ತದೆ, ಸಭೆ ಒಪ್ಪುತ್ತದೆ" ಎಂದಿರುತ್ತದೆ. ಹಿಂದೆ ಹಾಗೇ ಇತ್ತು. ಟೆಡ್ರೊಸ್‌ಗಿಂತ ಹಿಂದಿನ ಮುಖ್ಯಸ್ಥೆ ಮಾರ್ಗರೆಟ್ ಚಾನ್ ಅವರವರೆಗೂ ಸಭೆಯ ಮುಂದೆ ಬರುತ್ತಿದ್ದದ್ದು ಒಂದೇ ಹೆಸರು. ಸಭೆಯೇ ಹಲವರಲ್ಲಿ ಒಬ್ಬರನ್ನು ಆರಿಸಿದ್ದು 2017ರಲ್ಲಿ ಮೊದಲು. ನಿಮ್ಮ ಗೈಡ್ ಯಾವ ವರ್ಷದ್ದೆಂದು ನೋಡಿಕೊಳ್ಳಿ.

5. ಸಭೆಯ ಮತದಾನ

ಇಲ್ಲಿ ಲೆಕ್ಕ ತಪ್ಪುವವರೇ ಹೆಚ್ಚು. ನಿಧಾನವಾಗಿ ಓದಿ, ಬೇಕಿದ್ದರೆ ಪೆನ್ನು ಹಿಡಿಯಿರಿ.

ಮೊದಲು, ಯಾರಿಗೆ ಮತ ಇಲ್ಲ? ಎರಡು ವರ್ಷದ ವಂತಿಗೆಯಷ್ಟು ಅಥವಾ ಅದಕ್ಕೂ ಹೆಚ್ಚು ಬಾಕಿ ಉಳಿಸಿಕೊಂಡ ದೇಶದ ಮತದ ಹಕ್ಕನ್ನು ಸಭೆ ಅಮಾನತಿನಲ್ಲಿಡಬಹುದು. ಸುಸ್ತಿದಾರ ಸಂಘದ ಡೆಲಿಗೇಟ್ ಹೆಸರು ಮತದಾರರ ಪಟ್ಟಿಯಿಂದ ಬಿಟ್ಟುಹೋಗುವುದನ್ನು ನೀವು ಇಲ್ಲೇ ನೋಡಿರುತ್ತೀರಿ. ಹಾಗಾಗಿ ಸದಸ್ಯರ ಸಂಖ್ಯೆ ಮತ್ತು ಮತ ಹಾಕಿದವರ ಸಂಖ್ಯೆ ಒಂದೇ ಇರುವುದಿಲ್ಲ.

ಎರಡನೆಯದು, ಗೆಲ್ಲಲು ಎಷ್ಟು ಬೇಕು? ಮೂರು ಹೆಸರಿದ್ದಾಗ ಮೊದಲ ಸುತ್ತಿನಲ್ಲಿ, ಹಾಜರಿದ್ದು ಮತ ಹಾಕಿದ ದೇಶಗಳಲ್ಲಿ ಮೂರನೇ ಎರಡರಷ್ಟು ಬೇಕು. ಯಾರಿಗೂ ಸಿಗದಿದ್ದರೆ ಅತಿ ಕಡಿಮೆ ಪಡೆದವರು ಹೊರಗೆ. ಎರಡನೇ ಸುತ್ತಿನಲ್ಲಿ ಉಳಿದ ಇಬ್ಬರ ನಡುವೆ ಮತ್ತೆ ಅದೇ ಮೂರನೇ ಎರಡು. ಆಗಲೂ ಸಿಗದಿದ್ದರೆ ಮಟ್ಟ ಇಳಿಯುತ್ತದೆ: ಮೂರನೇ ಸುತ್ತಿನಲ್ಲಿ ಸಂಸ್ಥೆಯ ಒಟ್ಟು ಸದಸ್ಯ ರಾಷ್ಟ್ರಗಳ ಅರ್ಧಕ್ಕಿಂತ ಹೆಚ್ಚು ಸಾಕು. ಅದೂ ಆಗದಿದ್ದರೆ ಮುಂದೆ ಮತ ಹಾಕಿದವರಲ್ಲಿ ಸರಳ ಬಹುಮತ.

ಈ ನಿಯಮ ಹೇಗೆ ಓಡುತ್ತದೆ ಎಂಬುದಕ್ಕೆ 2017ರ ಮೇ 23ಕ್ಕಿಂತ ಒಳ್ಳೆಯ ಉದಾಹರಣೆ ಇಲ್ಲ. ಆಗ ಸದಸ್ಯ ರಾಷ್ಟ್ರಗಳು 194.

ಮೊದಲ ಸುತ್ತು: ಟೆಡ್ರೊಸ್ 95, ನಬಾರೊ 52, ನಿಶ್ತಾರ್ 38. ಒಟ್ಟು 185. ಅದರ ಮೂರನೇ ಎರಡು ಅಂದರೆ 124. ಯಾರಿಗೂ ಸಿಗಲಿಲ್ಲ, ನಿಶ್ತಾರ್ ಹೊರಗೆ.

ಎರಡನೇ ಸುತ್ತು: ಟೆಡ್ರೊಸ್ 121, ನಬಾರೊ 62. ಒಟ್ಟು 183. ಇದರ ಮೂರನೇ ಎರಡು ಎಷ್ಟು? 122. ಎದುರಾಳಿಗಿಂತ ಹೆಚ್ಚುಕಡಿಮೆ ಎರಡರಷ್ಟು ಮತ ಬಂದರೂ ಒಂದೇ ಒಂದು ಮತ ಕಡಿಮೆ ಬಿದ್ದು ಟೆಡ್ರೊಸ್ ಗೆಲ್ಲಲಿಲ್ಲ. ತರಗತಿಯಲ್ಲಿ ಈ ಲೆಕ್ಕವನ್ನು ಬೋರ್ಡ್ ಮೇಲೆ ಬರೆದಾಗ ಒಂದು ನಿಮಿಷ ಯಾರೂ ಮಾತಾಡುವುದಿಲ್ಲ. ಒಂದು ಪುಟ್ಟ ದ್ವೀಪದ ಪ್ರತಿನಿಧಿಯ ಮತ ಆ ಕಡೆಯಿಂದ ಈ ಕಡೆಗೆ ಬಂದಿದ್ದರೆ ಅಲ್ಲಿಗೇ ಮುಗಿಯುತ್ತಿತ್ತು.

ಮೂರನೇ ಸುತ್ತು: ಟೆಡ್ರೊಸ್ 133, ನಬಾರೊ 50. 194ರ ಅರ್ಧಕ್ಕಿಂತ ಹೆಚ್ಚು ಅಂದರೆ 98 ಸಾಕಾಗಿತ್ತು. ಆಯ್ಕೆ ಖಚಿತವಾಯಿತು.

ಎಚ್ಚರಿಕೆ: ಮೂರನೇ ಎರಡನ್ನು 194ರ ಮೇಲೆ ಲೆಕ್ಕ ಹಾಕಬೇಡಿ. ಹಾಜರಿಲ್ಲದವರು, ತಟಸ್ಥರಾಗಿ ಉಳಿದವರು, ಕುಲಗೆಟ್ಟ ಮತಗಳು ಇವೆಲ್ಲ ಕಳೆದ ಮೇಲೆ ಉಳಿಯುವುದರ ಮೇಲೆ ಲೆಕ್ಕ. ಮೂರನೇ ಸುತ್ತಿನಲ್ಲಿ ಮಾತ್ರ ಒಟ್ಟು ಸದಸ್ಯರ ಸಂಖ್ಯೆ ಹಿಡಿಯಬೇಕು. ವಿವರಣಾತ್ಮಕ ಉತ್ತರದಲ್ಲಿ ಬಹಳ ಜನ ಎಡವುವುದು ಇಲ್ಲೇ.

ಇನ್ನೊಂದು ಎಚ್ಚರಿಕೆ: ಮತದಾನ ಗುಪ್ತ. "ಇಂಥ ದೇಶ ಇಂಥವರಿಗೆ ಹಾಕಿತು" ಎಂಬ ಪಟ್ಟಿ ನಿಮ್ಮ ಮೊಬೈಲಿಗೆ ಬಂದರೆ ಅದು ಯಾರದೋ ಊಹೆ. ಒಂದು ದೇಶ ಬಹಿರಂಗವಾಗಿ ಬೆಂಬಲ ಹೇಳಿರಬಹುದು, ಒಳಗೆ ಹಾಕಿದ ಮತ ಆ ಪ್ರತಿನಿಧಿಗೇ ಗೊತ್ತು.

6. ಒಬ್ಬರೇ ಇದ್ದರೆ?

2022ರಲ್ಲಿ ಹೀಗಾಯಿತು. ಟೆಡ್ರೊಸ್ ಬಿಟ್ಟು ಬೇರೆ ಹೆಸರು ಬರಲಿಲ್ಲ. ಗ್ರಾಮ ಪಂಚಾಯ್ತಿಯಲ್ಲಾದರೆ ಅವಿರೋಧ ಆಯ್ಕೆ ಎಂದು ಘೋಷಿಸಿ ಹಾರ ಹಾಕುತ್ತಾರೆ. ಅಲ್ಲಿ ಹಾಗಲ್ಲ, ಒಂದೇ ಹೆಸರಿದ್ದರೂ ಗುಪ್ತ ಮತದಾನ ನಡೆಯುತ್ತದೆ, ಮೂರನೇ ಎರಡರಷ್ಟು ಮತ ಬೇಕು. 2022ರ ಮೇ 24ರಂದು ಚಲಾವಣೆಯಾದ 160ರಲ್ಲಿ 155 ಅವರಿಗೆ ಬಂದವು.

7. ಅಧಿಕಾರ ವಹಿಸಿಕೊಳ್ಳುವುದು

ಆಯ್ಕೆಯಾದ ದಿನವೇ ಕುರ್ಚಿ ಸಿಗುವುದಿಲ್ಲ. 2017ರಲ್ಲಿ ಮೇ ತಿಂಗಳ ಆಯ್ಕೆ, ಜುಲೈ 1ಕ್ಕೆ ಅಧಿಕಾರ. ಎರಡನೇ ಅವಧಿ 2022ರ ಆಗಸ್ಟ್‌ನಲ್ಲಿ ಶುರುವಾಯಿತು.

ಕುರ್ಚಿಯಲ್ಲಿ ಕೂತ ಮೇಲೆ ಯಾವ ದೇಶದವರು ಎಂಬುದು ಲೆಕ್ಕಕ್ಕೆ ಬರಬಾರದು. ಸಂವಿಧಾನದ 37ನೇ ವಿಧಿಯ ಪ್ರಕಾರ ಮಹಾನಿರ್ದೇಶಕರಾಗಲಿ ಸಿಬ್ಬಂದಿಯಾಗಲಿ ಯಾವ ಸರ್ಕಾರದ ಅಪ್ಪಣೆಯನ್ನೂ ಕೇಳಬಾರದು, ಪಡೆಯಲೂಬಾರದು. "ನಮ್ಮವರು ಆದರೆ ನಮಗೆ ಲಾಭ" ಎಂದು ಹೇಳುವವರಿಗೆ ನಾನು ಈ ವಿಧಿಯನ್ನು ಓದಿ ಹೇಳುತ್ತೇನೆ.

ಅವಧಿಯ ನಡುವೆ ಸ್ಥಾನ ತೆರವಾದರೆ? 2006ರ ಮೇ 22ರಂದು, ಸಭೆ ಆರಂಭವಾಗಬೇಕಿದ್ದ ದಿನವೇ, ಮಹಾನಿರ್ದೇಶಕ ಲೀ ಜೊಂಗ್ ವೂಕ್ ತೀರಿಕೊಂಡರು. ಆ್ಯಂಡರ್ಸ್ ನೋರ್ಡ್‌ಸ್ಟ್ರೋಮ್ ಹಂಗಾಮಿಯಾಗಿ ನಡೆಸಿದರು. ಮುಂದಿನ ಮೇವರೆಗೆ ಕಾಯದೆ ಅದೇ ನವೆಂಬರ್‌ನಲ್ಲಿ ವಿಶೇಷ ಸಭೆ ಕರೆದು ಮಾರ್ಗರೆಟ್ ಚಾನ್ ಅವರನ್ನು ನೇಮಿಸಿದರು.

ದೆಹಲಿಯ ನಿರ್ದೇಶಕರು ಬೇರೆ

ಸಂಸ್ಥೆಗೆ ಆರು ಪ್ರಾದೇಶಿಕ ಕಚೇರಿಗಳಿವೆ. ಭಾರತ ಸೇರಿರುವುದು ಆಗ್ನೇಯ ಏಷ್ಯಾ ಪ್ರದೇಶಕ್ಕೆ, ಅದರ ಕಚೇರಿ ದೆಹಲಿಯಲ್ಲಿದೆ. ಅಲ್ಲಿನ ಪ್ರಾದೇಶಿಕ ನಿರ್ದೇಶಕರನ್ನು ಆ ಪ್ರದೇಶದ ದೇಶಗಳಷ್ಟೇ ಸೇರಿ ಆರಿಸುತ್ತವೆ, ಕಾರ್ಯಕಾರಿ ಮಂಡಳಿ ನೇಮಕ ಮಾಡುತ್ತದೆ. ಭಾರತದ ಪೂನಂ ಖೇತ್ರಪಾಲ್ ಸಿಂಗ್ 2014ರಿಂದ 2024ರವರೆಗೆ ಇದ್ದದ್ದು ಈ ಹುದ್ದೆಯಲ್ಲಿ. ಸುದ್ದಿಯಲ್ಲಿ "ಡಬ್ಲ್ಯೂಎಚ್‌ಓ ನಿರ್ದೇಶಕ" ಎಂದಷ್ಟೇ ಇದ್ದರೆ ಜಿನೀವಾದವರೋ ದೆಹಲಿಯವರೋ ಎಂದು ಮೊದಲು ನೋಡಿ.

ತರಗತಿಯಲ್ಲಿ ಮಾಡಿ ನೋಡಿ

ಪಿಯು ಉಪನ್ಯಾಸಕರು ಹಲವರು ಅಣಕು ಸಭೆ ಮಾಡಿಸುವುದು ಹೇಗೆಂದು ಕೇಳಿದ್ದಾರೆ. ನಾನು ಮಾಡುವ ಕ್ರಮ ಇದು. 45 ಮಕ್ಕಳಿದ್ದರೆ ಒಬ್ಬೊಬ್ಬರಿಗೂ ಒಂದು ದೇಶ ಕೊಡಿ. ದೊಡ್ಡ ದೇಶಗಳನ್ನೇ ಕೊಡಬೇಡಿ. ಭೂತಾನ್, ಟೋಂಗಾ, ಮಲಾವಿ ಕೂಡ ಇರಲಿ, ಇಲ್ಲದಿದ್ದರೆ ಒಂದು ದೇಶ ಒಂದು ಮತ ಎಂಬುದರ ತೂಕ ಮಕ್ಕಳಿಗೆ ತಿಳಿಯುವುದಿಲ್ಲ. ಒಂಬತ್ತು ಜನರನ್ನು ಮಂಡಳಿ ಮಾಡಿ. ಐವರು ಅಭ್ಯರ್ಥಿಗಳು ತಲಾ ಮೂರು ನಿಮಿಷ ಮಾತಾಡಲಿ, ಮೂರು ನಿಮಿಷ ಪ್ರಶ್ನೆ ಎದುರಿಸಲಿ. ಪ್ರಶ್ನೆ ನಮ್ಮ ಜಿಲ್ಲೆಯಿಂದಲೇ ಬರಲಿ: ಫ್ಲೋರೈಡ್ ನೀರಿಗೆ ಏನು ಮಾಡುತ್ತೀರಿ, ಆಶಾ ಕಾರ್ಯಕರ್ತೆಯರ ಗೌರವಧನದ ಬಗ್ಗೆ ದೇಶಗಳಿಗೆ ಏನು ಹೇಳುತ್ತೀರಿ. ಮಂಡಳಿ ಮೂವರನ್ನು ಉಳಿಸಲಿ. ಆಮೇಲೆ ಎಲ್ಲರೂ ಗುಪ್ತವಾಗಿ ಮತ ಹಾಕಲಿ.

ಎಣಿಸುವಾಗ ಕುಲಗೆಟ್ಟ ಚೀಟಿಗಳನ್ನು ಮೊದಲೇ ಬೇರೆ ಇಡಿ. 45ರಲ್ಲಿ ಎರಡು ಕೆಟ್ಟರೆ ಉಳಿದದ್ದು 43, ಗೆಲ್ಲಲು 30 ಅಲ್ಲ, 29. ಈ ಒಂದು ಅಂಕಿಯ ಮೇಲೆ ಮಕ್ಕಳು ಜಗಳ ಆಡಿದರೆ ಆಡಲಿ ಬಿಡಿ, ಲೆಕ್ಕವನ್ನು ಅವರೇ ಬೋರ್ಡ್ ಮೇಲೆ ಮಾಡಿ ತೋರಿಸಲಿ. ಚೀಟಿಗಳನ್ನು ಮೂರು ಸುತ್ತಿಗಾಗುವಷ್ಟು ಮೊದಲೇ ಕತ್ತರಿಸಿಟ್ಟುಕೊಳ್ಳಿ, ಸುತ್ತಿಗೊಂದು ಬಣ್ಣದ ಕಾಗದ. ಎಲ್ಲಕ್ಕೂ ಬಿಳಿ ಕಾಗದವನ್ನೇ ಬಳಸಿದರೆ ಮೊದಲ ಸುತ್ತಿನ ಚೀಟಿ ಎರಡನೆಯದರಲ್ಲಿ ಸೇರಿಕೊಂಡು ಇಡೀ ಎಣಿಕೆಯನ್ನು ಮತ್ತೆ ಮಾಡಬೇಕಾಗುತ್ತದೆ.